ಬೀಸುಕಲ್ಲನ್ನೂ ಬಿಡಲಿಲ್ಲ: ಹಲಗಲಿ ಲಾವಣಿ ಹೇಳುವ ದೇಶಪ್ರೇಮ

ಮನೆಯಲ್ಲಿ ಎಸೆಸೆಲ್ಸಿ ಓದಿದ ಮಕ್ಕಳಿದ್ದರೆ ಅವರನ್ನು ಒಮ್ಮೆ ಕೇಳಿ ನೋಡಿ. ಕನ್ನಡ ಪಠ್ಯದಲ್ಲಿದ್ದ ‘ಹಲಗಲಿ ಬೇಡರು’ ಪದ್ಯ ನೆನಪಿದೆಯಾ ಅಂತ. ಹೆಚ್ಚಿನ ಮಕ್ಕಳು ಸಾರಾಂಶ ಹೇಳಿಯಾರು, ಹಾಡನ್ನು ಹೇಳಲಾರರು. ಅವರದ್ದೂ ತಪ್ಪಲ್ಲ. ಅದು ಬಯಲುಸೀಮೆಯ ಬಾಯಿಮಾತಿನ ಕನ್ನಡ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ ಆಡುವ ನಮ್ಮ ಮಕ್ಕಳಿಗೆ ಅದು ಕಷ್ಟವೇ.

ಆದರೆ ಆ ಹಾಡು ಪರೀಕ್ಷೆಗೆಂದು ಹುಟ್ಟಿದ್ದಲ್ಲ. ಓದಲಿಕ್ಕೂ ಹುಟ್ಟಿದ್ದಲ್ಲ. ರಾತ್ರಿಯಿಡೀ ಊರ ಜನರ ಮುಂದೆ ದಪ್ಪು ಬಡಿದು ಹೇಳಲಿಕ್ಕೆ ಹುಟ್ಟಿದ್ದು.

ಮೊದಲು ಕತೆ ತಿಳಿಯೋಣ. ಹಲಗಲಿ ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಊರು. 1997ರಲ್ಲಿ ಜಿಲ್ಲೆ ಇಬ್ಭಾಗ ಆಗುವವರೆಗೆ ಅದು ಬಿಜಾಪುರ ಜಿಲ್ಲೆಗೆ ಸೇರಿತ್ತು. 1857ರಲ್ಲಿ ಉತ್ತರ ಭಾರತದಲ್ಲಿ ಸಿಪಾಯಿಗಳು ಬಂಡೆದ್ದಾಗ ಕಂಪೆನಿ ಸರಕಾರ ಹೆದರಿತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು ಎಂಬ ಕಾನೂನು ತಂದಿತು. ಆಗ ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ. ಆದರೂ ಹುಕುಂ ಅಲ್ಲಿಗೂ ಬಂತು.

ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಅನ್ನ, ಮರ್ಯಾದೆ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದೆ ನಿಂತು, ಜೀವ ಕೊಟ್ಟೇವು, ಹತಾರ ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ಬ್ರಿಟಿಷ್ ಕುದುರೆ ದಂಡು ಬಂದು ಊರನ್ನು ಸುತ್ತಿತು. ಮನೆಗಳಿಗೆ ಬೆಂಕಿ ಬಿತ್ತು. ಸತ್ತವರು ಎಷ್ಟೋ, ಸೆರೆಸಿಕ್ಕವರು ಎಷ್ಟೋ. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. 13 ಮಂದಿಯನ್ನು ಮುಧೋಳದಲ್ಲಿ, 6 ಮಂದಿಯನ್ನು ಅವರದೇ ಊರಾದ ಹಲಗಲಿಯಲ್ಲಿ.

ಈ ಘಟನೆಯನ್ನು ಕುರ್ತಕೋಟಿ ಕಲ್ಮೇಶನ ಅಂಕಿತದ ಲಾವಣಿ ಹಾಡಾಗಿ ಹೇಳುತ್ತದೆ. ಅಂಕಿತ ಅಂದರೆ ಹಾಡಿನ ಕೊನೆಗೆ ಊರು, ದೇವರು ಇಲ್ಲವೇ ಕವಿಯ ಹೆಸರು ಸೇರಿಸುವುದು. ಕುರ್ತಕೋಟಿ ಗದಗದ ಕಡೆಯ ಊರು. ಹಲಗಲಿಯ ಸುದ್ದಿಯನ್ನು ಅಷ್ಟು ದೂರದ ಕುರ್ತಕೋಟಿ ಹಾಡಾಗಿಸಿತು, ಹಾಡು ಸೀಮೆಗೆಲ್ಲ ಹರಡಿತು. ರೇಡಿಯೊ ಇಲ್ಲದ ಕಾಲ, ಲಾವಣಿಕಾರನೇ ಸುದ್ದಿಗಾರ.

ಇನ್ನೊಂದು ಸೋಜಿಗ ನೋಡಿ. ಈ ಹಾಡನ್ನು ಬರೆಸಿಕೊಂಡು ಅಚ್ಚಿಗೆ ಕೊಟ್ಟವರು ಒಬ್ಬ ಬ್ರಿಟಿಷ್ ಅಧಿಕಾರಿ, ಶಾಸನ ವಿದ್ವಾಂಸ ಜೆ.ಎಫ್. ಫ್ಲೀಟ್. 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಇದೆ, ಹಲಗಲಿಯದೂ ಇದೆ. ಸುಟ್ಟ ಸರಕಾರದ ನೌಕರನೇ ಸುಟ್ಟ ಊರಿನ ಹಾಡನ್ನು ಉಳಿಸಿದ!

ದಪ್ಪು ನಮಗೆ ಹೊಸದಲ್ಲ

ಹಲಗಲಿಯಿಂದ ಕೃಷ್ಣಾ ನದಿ ದಾಟಿ ಉತ್ತರಕ್ಕೆ ಹೋದರೆ ಬಸವನ ಬಾಗೇವಾಡಿ, ಮುದ್ದೇಬಿಹಾಳ. ಇನ್ನೂ ಮೇಲೆ ಭೀಮಾ ನದಿಯ ಕಡೆಗೆ ಸಿಂದಗಿ, ಇಂಡಿ. ಗೋಳಗುಮ್ಮಟ ನೋಡಲು ಹೋದವರು ಈ ಊರುಗಳ ಹೆಸರನ್ನು ಬಸ್ಸಿನ ಬೋರ್ಡಿನಲ್ಲಿ ಓದಿರುತ್ತೀರಿ. ಜೋಳದ ಈ ಸೀಮೆ ಲಾವಣಿ, ಗೀಗೀ ಪದಗಳ ತವರು.

ಗೀಗೀ ಮೇಳದಲ್ಲಿ ಮುಂದೆ ನಿಂತು ಹೇಳುವವನ ಕೈಯಲ್ಲಿ ದಪ್ಪು. ಮರದ ಬಳೆಗೆ ಚರ್ಮ ಬಿಗಿದ ವಾದ್ಯ. ನಮ್ಮ ಮದುವೆ ಮನೆಗಳ, ಉರೂಸುಗಳ ದಫ್ ಇದೆಯಲ್ಲ, ಅದರದೇ ಸೋದರ, ಹೆಸರು ಕೂಡ ಅದೇ. ಹಿಂದೆ ನಿಂತ ಇಬ್ಬರಲ್ಲಿ ಒಬ್ಬನದು ತುಂತುಣಿ, ಇನ್ನೊಬ್ಬನದು ತಾಳ. ಅವರು ಎಳೆದು ಹೇಳುವ ‘ಗೀ ಗೀ’ ಎಂಬ ಸೊಲ್ಲಿನಿಂದಲೇ ಹಾಡಿಗೆ ಆ ಹೆಸರು. ಹರದೇಶಿ, ನಾಗೇಶಿ ಎಂದು ಎರಡು ಪಂಗಡ ಕಟ್ಟಿಕೊಂಡು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನ ತನಕ ಹಾಡಿನಲ್ಲೇ ವಾದ ಮಾಡುತ್ತಾರೆ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇದೇ ಮೇಳಗಳು ಗಾಂಧೀಜಿ, ಖಾದಿ, ಜೈಲು ಎಂದು ಹಾಡಿದವು. ಹುಲಕುಂದದ ಭೀಮಕವಿಯಂಥವರ ರಾಷ್ಟ್ರೀಯ ಲಾವಣಿಗಳು ಆಗಲೇ ಹೆಸರಾದದ್ದು.

ಈ ಹಾಡುಗಾರಿಕೆಯಲ್ಲಿ ಜಾತಿ, ಧರ್ಮದ ಗೋಡೆ ತೆಳ್ಳಗಿತ್ತು. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿ ಒಂದು ಸಣ್ಣ ಹಳ್ಳಿ. ಹೆಸರಾಂತ ಲಾವಣಿಕಾರ ಖಾಜಾಭಾಯಿ ಅದೇ ಹಲಸಂಗಿಯವರು. ಮುಂದೆ ಅದೇ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಎಂಬ ಗೆಳೆಯರು ಕೂಡಿದರು. ‘ಹಲಸಂಗಿ ಗೆಳೆಯರು’ ಎಂದರೆ ಇವರೇ. ಬೀಸುವ, ಕುಟ್ಟುವ ಹೆಂಗಸರ ಬಾಯಿಂದ, ಲಾವಣಿಕಾರರ ಬಾಯಿಂದ ಹಾಡು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು, ಮುಂದೆ ಲಾವಣಿಗಳ ‘ಜೀವನ ಸಂಗೀತ’, ಆಮೇಲೆ ‘ಮಲ್ಲಿಗೆ ದಂಡೆ’. ಕನ್ನಡ ಜಾನಪದವನ್ನು ಪುಸ್ತಕಕ್ಕೆ ತಂದ ಮೊದಲಿಗರ ಸಾಲಿನಲ್ಲಿ ಒಬ್ಬ ಧೂಲಾಸಾಹೇಬರು ಇದ್ದಾರೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಮೊಹರಂನಲ್ಲಿ ಆ ಕಡೆ ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ಕತೆಯನ್ನು ಹಿಂದೂಗಳೂ ಮುಸ್ಲಿಮರೂ ಕೂಡಿ ಹೇಳುತ್ತಾರೆ. ನಮ್ಮ ಕರಾವಳಿಯಲ್ಲಿ ಆ ರೂಢಿ ಇಲ್ಲ, ಅದರ ಸರಿ ತಪ್ಪು ಈ ಲೇಖನದ ವಿಷಯವೂ ಅಲ್ಲ. ನಾನು ಗಮನಿಸಿದ್ದು ಇಷ್ಟೆ: ದೊಡ್ಡ ಸೈನ್ಯದ ಎದುರು ಸಣ್ಣ ಗುಂಪು ತಲೆ ಬಾಗದೆ ನಿಂತು ಸೋತ ಕತೆಯನ್ನು ತಲೆತಲಾಂತರದಿಂದ ಕೇಳಿದ ಕಿವಿಗೆ ಹಲಗಲಿಯ ಹಾಡು ಬೇರೆಯವರದ್ದು ಅನಿಸಲು ಸಾಧ್ಯವಿಲ್ಲ.

ಹಾಡಿನ ಅರ್ಥ ಎಲ್ಲಿದೆ?

ನನ್ನನ್ನು ತಡೆದು ನಿಲ್ಲಿಸಿದ್ದು ಹಾಡಿನ ಕೊನೆಯ ಭಾಗ. ಅಲ್ಲಿ ದಂಡಿನವರು ಮನೆಗಳಿಗೆ ನುಗ್ಗಿ ಏನೇನು ಒಯ್ದರು ಎಂಬ ಪಟ್ಟಿ ಬರುತ್ತದೆ. ಕೊಡಲಿ, ಕಬ್ಬಿಣ ಒಯ್ದರು, ಸರಿ, ಅವು ಆಯುಧ ಅಂದುಕೊಳ್ಳೋಣ. ಹಾಲು, ಬೆಣ್ಣೆ ಯಾವ ಆಯುಧ? ಬೆಲ್ಲ, ಜೀರಿಗೆ, ಅರಿಶಿನದಿಂದ ಯಾವ ಸರಕಾರ ಉರುಳುತ್ತದೆ? ಹೆಂಗಸರ ಕೊರಳ ತಾಳಿ ಬಿಡಲಿಲ್ಲ, ಬೀಸುಕಲ್ಲನ್ನೂ ಬಿಡಲಿಲ್ಲ.

ದೇಶಭಕ್ತಿಯ ಹಾಡು ಎಂದರೆ ಧ್ವಜ, ಜೈಕಾರ, ಶತ್ರುವಿನ ಮೇಲೆ ಸಿಟ್ಟು ಎಂದು ನಾವು ತಿಳಿದಿದ್ದೇವೆ. ಹಲಗಲಿಯ ಹಾಡುಗಾರನಿಗೆ ದೇಶ ಅಂದರೆ ಅಡುಗೆಮನೆ. ಉಪ್ಪಿನ ಡಬ್ಬಿ ತನ್ನ ಜಾಗದಲ್ಲಿ ಇರಬೇಕು, ಹೊಸ್ತಿಲು ದಾಟಿ ಯಾರೂ ಕೇಳದೆ ಒಳಗೆ ಬರಬಾರದು. ಅಷ್ಟೇ ಅವರು ಕೇಳಿದ್ದು. ಆ ಬೇಡರಿಗೆ ಸಿಂಹಾಸನ ಬೇಕಿರಲಿಲ್ಲ.

ಆಗಾಗ ನಮ್ಮ ದೇಶಪ್ರೇಮಕ್ಕೆ ಪುರಾವೆ ಕೇಳುವವರು ಎದುರಾಗುತ್ತಾರೆ. ನಮ್ಮ ಹುಡುಗರು ನೊಂದುಕೊಳ್ಳುತ್ತಾರೆ, ಕೆಲವರು ಗಟ್ಟಿಯಾಗಿ ಕೂಗಿ ಉತ್ತರ ಕೊಡಲು ಹೋಗುತ್ತಾರೆ. ಅವರಿಗೆ ಈ ಹಾಡನ್ನು ಓದಿ ಹೇಳಬೇಕು. ಹಲಗಲಿಯವರು ಯಾರಿಗೂ ಪುರಾವೆ ಕೊಡಲು ಹೋಗಲಿಲ್ಲ. ತಮ್ಮ ನೆಲದಲ್ಲಿ ಮರ್ಯಾದೆಯಿಂದ ಬದುಕುತ್ತೇವೆ ಎಂದರು, ಅದಕ್ಕೆ ಬೆಲೆ ತೆತ್ತರು. ಅವರನ್ನು ದೇಶಭಕ್ತರೆಂದು ಕರೆದದ್ದು ಆಮೇಲೆ ಹಾಡಿದ ಜನ.

ಇನ್ನೊಂದು ಮಾತು. ಹಾಡು ಉಳಿಯಬೇಕಾದರೆ ಹಾಡುವ ಬಾಯಿಯ ಜತೆಗೆ ಬರೆದುಕೊಳ್ಳುವ ಕೈಯೂ ಬೇಕು. ಹಲಸಂಗಿಯ ಗೆಳೆಯರ ಹತ್ತಿರ ಇದ್ದದ್ದು ಕಾಗದ, ಪೆನ್ಸಿಲು. ನಮ್ಮ ಕೈಯಲ್ಲಿ ಮೊಬೈಲ್ ಇದೆ. ಮದುಮಗಳನ್ನು ಸಿಂಗರಿಸುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ಬ್ಯಾರಿ ಪಾಟ್‌ಗಳು ಈಗ ಎಷ್ಟು ಉಮ್ಮಂದಿರ ಬಾಯಲ್ಲಿವೆ? ಮನೆಯ ಹಿರಿಯರಿಗೆ ನೆನಪಿರುವಾಗಲೇ ಕೇಳಿ, ರೆಕಾರ್ಡ್ ಮಾಡಿ, ಯಾರು ಹಾಡಿದರು, ಯಾವ ಊರು, ಯಾವ ಸಂದರ್ಭದ್ದು ಎಂದು ಕೆಳಗೆ ಬರೆದಿಡಿ.

ಹಾಗೆಯೇ ಮಕ್ಕಳ ಹಳೇ ಕನ್ನಡ ಪುಸ್ತಕ ರದ್ದಿಗೆ ಹೋಗುವ ಮೊದಲು ‘ಹಲಗಲಿ ಬೇಡರು’ ಪದ್ಯವನ್ನು ಒಂದು ಸಲ ಗಟ್ಟಿಯಾಗಿ ಓದಿಸಿ. ಅರ್ಥ ಆಗದ ಪದ ಬಂದರೆ ಬರಲಿ. ಬೀಸುಕಲ್ಲು ಅಂದರೇನು ಎಂದು ಮೊಮ್ಮಗಳು ಕೇಳಿದರೆ ಉಮ್ಮುಮ್ಮ ಹೇಳಿಯಾರು.