ಮುಟ್ಟನ್ನು ಮುಂದೂಡುವುದು, ಕಡಿಮೆ ಮಾಡಿಕೊಳ್ಳುವುದು

ವರಮಹಾಲಕ್ಷ್ಮಿ ಹಬ್ಬ, ಗೃಹಪ್ರವೇಶ, ತಂಗಿಯ ಮದುವೆ, ಧರ್ಮಸ್ಥಳದ ಪ್ರಯಾಣ. ಇಂಥವು ಹತ್ತಿರ ಬಂದಾಗ ನಮ್ಮ ಹೆಣ್ಣುಮಕ್ಕಳು ಕ್ಯಾಲೆಂಡರ್ ನೋಡಿ ದಿನ ಎಣಿಸುತ್ತಾರೆ, ಆಮೇಲೆ ಮೆಡಿಕಲ್ ಶಾಪಿಗೆ ಯಾರನ್ನಾದರೂ ಕಳಿಸುತ್ತಾರೆ. "ಡೇಟ್ ಮುಂದಕ್ಕೆ ಹಾಕೋ ಮಾತ್ರೆ ಕೊಡಿ" ಎಂದರೆ ಸಾಕು. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ನಾರೆಥಿಸ್ಟಿರೋನ್ ಎಂಬ 5 ಮಿಲಿಗ್ರಾಂ ಮಾತ್ರೆ. ಮುಟ್ಟು ಬರಬೇಕಾದ ದಿನಕ್ಕಿಂತ 3 ದಿನ ಮೊದಲೇ ಶುರು ಮಾಡಿ ದಿನಕ್ಕೆ ಮೂರರಂತೆ ನುಂಗಬೇಕು. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ತಡವಾಗಿ ಶುರು ಮಾಡಿದರೆ ಫಲ ಸಿಗುವುದು ಅನುಮಾನ.

ಈ ಮಾತ್ರೆ ವಿಷವೇನಲ್ಲ, ವೈದ್ಯರೇ ಬರೆದುಕೊಡುವಂಥದ್ದು. ಆದರೆ ಅಂಗಡಿಯ ಗಡಿಬಿಡಿಯಲ್ಲಿ ಯಾರೂ ಕೇಳದ ಪ್ರಶ್ನೆಗಳಿವೆ. ಕಾಲಿನ ರಕ್ತನಾಳದಲ್ಲಿ ಹಿಂದೆ ಯಾವಾಗಲಾದರೂ ರಕ್ತ ಹೆಪ್ಪುಗಟ್ಟಿತ್ತೇ? ಮನೆಯಲ್ಲಿ ಯಾರಿಗಾದರೂ ಹಾಗಾಗಿತ್ತೇ? ಈಗಾಗಲೇ ಗರ್ಭ ನಿಂತಿರುವ ಸಾಧ್ಯತೆ ಇದೆಯೇ? ಇಷ್ಟು ಪ್ರಮಾಣದಲ್ಲಿ ನುಂಗಿದಾಗ ನಾರೆಥಿಸ್ಟಿರೋನಿನ ಸ್ವಲ್ಪ ಭಾಗ ದೇಹದೊಳಗೆ ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ. ರಕ್ತ ಹೆಪ್ಪುಗಟ್ಟುವ ಭಯ ಇರುವುದು ಅದರಿಂದಲೇ. ಇನ್ನೊಂದು ಮಾತು: ಹೀಗೆ ಹತ್ತು ದಿನ ನುಂಗಿದ ಮಾತ್ರೆಯನ್ನು ಗರ್ಭನಿರೋಧಕವೆಂದು ನಂಬುವಂತಿಲ್ಲ.

ಒಂದು ಹಬ್ಬಕ್ಕಾಗಿ ಹೀಗೆ ಮುಂದೂಡುವುದು ನಮ್ಮವರಿಗೆಲ್ಲ ಗೊತ್ತು. ಆದರೆ ಗರ್ಭನಿರೋಧಕ ಮಾತ್ರೆಯಿಂದ ಮುಟ್ಟನ್ನು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರುವಂತೆ ಮಾಡಿಕೊಳ್ಳಬಹುದು, ಬೇಡವೆಂದರೆ ವರ್ಷಗಟ್ಟಲೆ ಬರದಂತೆಯೂ ಮಾಡಿಕೊಳ್ಳಬಹುದು ಎಂದರೆ ಹೆಚ್ಚಿನವರು ಬೆಚ್ಚುತ್ತಾರೆ. "ಕೆಟ್ಟ ರಕ್ತ ಒಳಗೇ ನಿಂತುಬಿಟ್ಟರೆ?" ಎಂಬುದು ಮೊದಲ ಪ್ರಶ್ನೆ.

ಮುಟ್ಟಿನ ರಕ್ತ ಕೆಟ್ಟದ್ದಲ್ಲ, ದೇಹ ಹೊರಹಾಕುವ ಕಲ್ಮಶವೂ ಅಲ್ಲ. ಪ್ರತಿ ತಿಂಗಳು ಈಸ್ಟ್ರೋಜೆನ್ ಹಾರ್ಮೋನು ಗರ್ಭಕೋಶದ ಒಳಪದರವನ್ನು ದಪ್ಪಗೆ ಬೆಳೆಸುತ್ತದೆ, ಪ್ರೊಜೆಸ್ಟಿರೋನ್ ಅದನ್ನು ಗರ್ಭಕ್ಕೆ ಸಜ್ಜುಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಹಾರ್ಮೋನುಗಳ ಮಟ್ಟ ಇಳಿಯುತ್ತದೆ, ಪದರ ಕಳಚಿ ಹೊರಬರುತ್ತದೆ. ಗರ್ಭನಿರೋಧಕ ಮಾತ್ರೆಯಲ್ಲಿರುವ, ಪ್ರೊಜೆಸ್ಟಿರೋನಿನಂಥದೇ ಆದ ಪ್ರೊಜೆಸ್ಟಿನ್ ಪ್ರತಿದಿನ ಒಂದೇ ಸಮನೆ ಸಿಗುತ್ತಿದ್ದರೆ ಪದರ ದಪ್ಪವಾಗುವುದೇ ಇಲ್ಲ, ತೆಳ್ಳಗೇ ಉಳಿಯುತ್ತದೆ. ಒಳಗೆ ಏನೂ ಕೂಡಿಕೊಳ್ಳದಿರುವಾಗ ಹೊರಗೆ ಬರಬೇಕಾದದ್ದೂ ಇಲ್ಲ.

ಇದನ್ನು ಪಿಸಿಒಡಿ ಎಂಬ ಅಂಡಾಶಯದ ತೊಂದರೆಯಲ್ಲಿ ತಾನಾಗಿ ಮುಟ್ಟು ನಿಲ್ಲುವುದರ ಜೊತೆ ಬೆರೆಸಬಾರದು. ಅಲ್ಲಿ ಅಂಡ ಬಿಡುಗಡೆಯಾಗದೆ ಪ್ರೊಜೆಸ್ಟಿರೋನ್ ಸಿಗುವುದಿಲ್ಲ. ಈಸ್ಟ್ರೋಜೆನ್ ಮಾತ್ರ ಕೆಲಸ ಮಾಡುತ್ತಾ ಪದರ ತಿಂಗಳುಗಟ್ಟಲೆ ದಪ್ಪವಾಗುತ್ತಲೇ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಹೊರಗಿನಿಂದ ನೋಡಿದರೆ ಎರಡೂ ಕಡೆ ಮುಟ್ಟಿಲ್ಲ, ಒಳಗಿನ ಸ್ಥಿತಿ ಮಾತ್ರ ಪೂರ್ತಿ ವಿರುದ್ಧ. ಮಾತ್ರೆಯಿಲ್ಲದೆ ಮೂರು ತಿಂಗಳು ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಲೇಬೇಕು.

ಹಾಗಾದರೆ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿಗೂ ತಿಂಗಳು ತಿಂಗಳು ಮುಟ್ಟಾಗುತ್ತದಲ್ಲ, ಅದೇಕೆ? ಆಶಾ ಕಾರ್ಯಕರ್ತೆಯರು ಕೊಡುವ ಮಾಲಾ-ಎನ್ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದು ನೋಡಿ. ಒಟ್ಟು 28 ಮಾತ್ರೆ. ಅದರಲ್ಲಿ ಹಾರ್ಮೋನು ಇರುವ ಬಿಳಿ ಮಾತ್ರೆ 21. ಕೊನೆಯ 7 ಬೇರೆ ಬಣ್ಣದವು, ಅವು ಬರೀ ಕಬ್ಬಿಣಾಂಶದ ಮಾತ್ರೆ. ಆ ಏಳು ದಿನ ಹಾರ್ಮೋನು ನಿಲ್ಲುವುದರಿಂದ ಪದರ ಕಳಚಿ ರಕ್ತ ಕಾಣಿಸುತ್ತದೆ. ಅದು ಮಾತ್ರೆ ನಿಲ್ಲಿಸಿದ್ದಕ್ಕೆ ಬರುವ ರಕ್ತಸ್ರಾವ, ಅಂಡೋತ್ಪತ್ತಿಯ ನಂತರ ಬರುವ ಮುಟ್ಟಲ್ಲ. ಆ ಏಳು ದಿನದ ಬಿಡುವು ದೇಹಕ್ಕೆ ಬೇಕೆಂದು ಯಾರೂ ಕಂಡುಹಿಡಿದದ್ದಲ್ಲ. 1950ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್ ರಾಕ್ ತಮ್ಮಲ್ಲಿಗೆ ಬರುತ್ತಿದ್ದ ಮಹಿಳೆಯರಿಗೆ ಹಾರ್ಮೋನನ್ನು ಬಿಡುವಿಲ್ಲದೆ ಕೊಟ್ಟಾಗ ಮುಟ್ಟು ನಿಂತು, ಅವರು ಗರ್ಭಿಣಿಯಾದೆವೆಂದೇ ಭಾವಿಸುತ್ತಿದ್ದರು. ವಿಜ್ಞಾನಿ ಗ್ರೆಗರಿ ಪಿಂಕಸ್ ನಡುವೆ ಕೆಲವು ದಿನ ಬಿಟ್ಟು ಕೊಡಿ ಎಂದರು. 1960ರಲ್ಲಿ ಎನೋವಿಡ್ ಮಾತ್ರೆಗೆ ಗರ್ಭನಿರೋಧಕವಾಗಿ ಅನುಮತಿ ಸಿಕ್ಕಾಗ ಆ ಬಿಡುವೂ ಜೊತೆಗೇ ಬಂತು. ಬಿಡುವಿನಿಂದ ಆರೋಗ್ಯಕ್ಕೆ ಲಾಭವೇನೂ ಇಲ್ಲ ಎಂದು ಬ್ರಿಟನ್ನಿನ ಸಂತಾನ ಆರೋಗ್ಯ ತಜ್ಞರ ಸಂಸ್ಥೆ 2019ರ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಹೇಳಿತು. ವರ್ಷಕ್ಕೆ ನಾಲ್ಕೇ ಸಲ ಮುಟ್ಟಾಗುವಂತೆ 84 ದಿನದ ಹಾರ್ಮೋನು ಮಾತ್ರೆಗಳ ಪೊಟ್ಟಣ ಅಮೆರಿಕದಲ್ಲಿ 2003ರಿಂದಲೇ ಸಿಗುತ್ತಿದೆ.

ವಿಧಾನ ಕಷ್ಟದ್ದಲ್ಲ. 21 ಬಿಳಿ ಮಾತ್ರೆ ಮುಗಿದ ಮರುದಿನ ಕಬ್ಬಿಣಾಂಶದ ಮಾತ್ರೆ ಬಿಟ್ಟು ಹೊಸ ಸ್ಟ್ರಿಪ್ಪಿನ ಬಿಳಿ ಮಾತ್ರೆ ಶುರು ಮಾಡುವುದು. ಮೂರು ಸ್ಟ್ರಿಪ್ ಹೀಗೆ ನುಂಗಿ ನಾಲ್ಕರಿಂದ ಏಳು ದಿನ ಬಿಡುವು ಕೊಡುವವರಿದ್ದಾರೆ, ಬಿಡುವೇ ಕೊಡದವರೂ ಇದ್ದಾರೆ. ಬಿಡುವು ಏಳು ದಿನ ದಾಟಿದರೆ ಗರ್ಭ ನಿಲ್ಲಬಹುದು. ಹೆಚ್ಚಿನವರು ಸೋಲುವುದು ಮೊದಲ ಮೂರು ನಾಲ್ಕು ತಿಂಗಳಲ್ಲಿ: ಹೇಳದೆ ಕೇಳದೆ ಅಲ್ಲಲ್ಲಿ ರಕ್ತದ ಕಲೆ ಕಾಣಿಸುತ್ತದೆ, "ಇದು ನನಗೆ ಒಗ್ಗಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಕಲೆ ಕಾಣುವುದು ತೆಳುವಾದ ಪದರದಿಂದ, ತಿಂಗಳು ಕಳೆದಂತೆ ಕಡಿಮೆಯಾಗುತ್ತದೆ. ಕನಿಷ್ಠ 21 ದಿನ ಮಾತ್ರೆ ನುಂಗಿದ ಮೇಲೆ ಮೂರು ನಾಲ್ಕು ದಿನ ಬಿಡದೆ ಕಲೆ ಕಂಡರೆ, ನಾಲ್ಕು ದಿನ ಮಾತ್ರೆ ನಿಲ್ಲಿಸಿ ಮತ್ತೆ ಶುರು ಮಾಡಿ ಎಂದು ವೈದ್ಯರು ಹೇಳುತ್ತಾರೆ. ಮಾತ್ರೆ ಮರೆತರೂ ಕಲೆ ಕಾಣುತ್ತದೆ. ದಿನಾ ಒಂದೇ ಹೊತ್ತಿಗೆ, ರಾತ್ರಿ ಊಟವಾದ ಮೇಲೆ ಎಂದು ಗೊತ್ತು ಮಾಡಿಕೊಂಡರೆ ಒಳ್ಳೆಯದು.

ದಿನಾ ನುಂಗುವ ರಗಳೆ ಬೇಡವೆನ್ನುವವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂತರಾ ಚುಚ್ಚುಮದ್ದಿದೆ, ಮೂರು ತಿಂಗಳಿಗೊಂದು. ಮೊದಮೊದಲು ಮುಟ್ಟು ಏರುಪೇರಾಗುತ್ತದೆ, ಒಂದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಮಂದಿಗೆ ನಿಂತೇಹೋಗುತ್ತದೆ. ಅದನ್ನು ತೆಗೆದುಕೊಳ್ಳುತ್ತಿರುವಷ್ಟು ಕಾಲ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ಬಿಟ್ಟ ಮೇಲೆ ಚೇತರಿಸಿಕೊಳ್ಳುತ್ತದೆ. ಬಿಟ್ಟ ಬಳಿಕ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗುವುದರಿಂದ ಬೇಗ ಮಗು ಬೇಕೆನ್ನುವವರಿಗೆ ಇದು ತಕ್ಕದ್ದಲ್ಲ. ಇನ್ನೊಂದು, ಗರ್ಭಕೋಶದೊಳಗೆ ಇಡುವ, ಹಾರ್ಮೋನು ಇರುವ ವಂಕಿ. ವಿಪರೀತ ರಕ್ತಸ್ರಾವ ಇರುವವರಿಗೆ ಇದಕ್ಕಿಂತ ಒಳ್ಳೆಯದು ವಿರಳ ಎಂಬುದು ನನ್ನ ಅಭಿಪ್ರಾಯ. ಅದನ್ನು ಕಾಪರ್-ಟಿ ಎಂದು ತಿಳಿಯಬೇಡಿ. ಕಾಪರ್-ಟಿ ಹಾಕಿಸಿಕೊಂಡವರಿಗೆ ರಕ್ತಸ್ರಾವ ಹೆಚ್ಚುವುದೇ ಸಾಮಾನ್ಯ.

ಮತ್ತೆ ಮಾತ್ರೆಯ ವಿಷಯಕ್ಕೆ ಬಂದರೆ, ಅದು ಎಲ್ಲರಿಗೂ ಹೊಂದುವಂಥದ್ದಲ್ಲ. ಬಿಪಿ ಹೆಚ್ಚಿರುವವರು, ಕಣ್ಣ ಮುಂದೆ ಮಿಂಚು ಬಂದು ಅರೆತಲೆನೋವು ಶುರುವಾಗುವವರು, 35 ದಾಟಿ ಬೀಡಿ ಸಿಗರೇಟು ಸೇದುವವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಸ್ತನ ಕ್ಯಾನ್ಸರ್ ಅಥವಾ ಗಂಭೀರ ಯಕೃತ್ತಿನ ಕಾಯಿಲೆ ಇರುವವರು, ಹೆರಿಗೆಯಾಗಿ ಆರು ವಾರ ತುಂಬದ ಬಾಣಂತಿಯರು ಮಾಲಾ-ಎನ್‌ನಂಥ ಮಾತ್ರೆ ಮುಟ್ಟಬಾರದು. ಟಿಬಿಗೆ ರಿಫಾಂಪಿಸಿನ್ ನುಂಗುತ್ತಿರುವವರಲ್ಲಿ, ಮೂರ್ಛೆರೋಗದ ಕೆಲವು ಔಷಧ ತೆಗೆದುಕೊಳ್ಳುವವರಲ್ಲಿ ಮಾತ್ರೆಯ ಬಲ ಕುಗ್ಗುತ್ತದೆ. ಉಳಿದವರಿಗೆ ಅಪಾಯ ಎಷ್ಟು? ಮಾತ್ರೆ ನುಂಗದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ರಕ್ತ ಹೆಪ್ಪುಗಟ್ಟಿದರೆ, ಮಾಲಾ-ಎನ್‌ನಲ್ಲಿರುವ ಬಗೆಯ ಹಾರ್ಮೋನು ನುಂಗುವವರಲ್ಲಿ 5ರಿಂದ 7 ಮಂದಿಗೆ. ಬಸುರಿ, ಬಾಣಂತಿಯರಲ್ಲಿ ಇದಕ್ಕಿಂತ ಹೆಚ್ಚು. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಹಿಂದೆಂದೂ ಇಲ್ಲದ ತಲೆನೋವು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ, ಮಾತ್ರೆ ನುಂಗುತ್ತಿರುವುದನ್ನು ಮೊದಲೇ ಹೇಳಬೇಕು.

ಇಷ್ಟೆಲ್ಲ ಯಾರಿಗಾಗಿ ಎಂದರೆ, ಪೂಜೆಗೆ ಅಡ್ಡಿಯಾಗಬಾರದೆಂದು ನುಂಗುವವರಿಗಿಂತ ಹೆಚ್ಚಾಗಿ ಮುಟ್ಟು ಬಂದಾಗಲೆಲ್ಲ ಹಾಸಿಗೆ ಹಿಡಿಯುವವರಿಗಾಗಿ. ಗರ್ಭಕೋಶದ ಒಳಪದರದಂಥ ಪದರ ಹೊರಗೂ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರುವವರು, ನಾರುಗಡ್ಡೆಯಿಂದ ರಕ್ತ ಸುರಿಸುವವರು, ತಮ್ಮ ಮುಟ್ಟನ್ನು ತಾವು ನಿಭಾಯಿಸಿಕೊಳ್ಳಲಾಗದ ಅಂಗವಿಕಲ ಹುಡುಗಿಯರು. ಹೀಗೆ ರಕ್ತ ಕಳೆದುಕೊಳ್ಳುವುದು ಸಣ್ಣ ಮಾತಲ್ಲ: ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಇದೇ ವಯಸ್ಸಿನ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡವರು. "ಆಪರೇಷನ್ ಆಗಿದೆ, ಆ ಮಾತ್ರೆ ನಮಗ್ಯಾಕೆ" ಎನ್ನುತ್ತಾರೆ. ವಿಪರೀತ ಮುಟ್ಟಿಗೆ ಅದೇ ಮಾತ್ರೆ ಔಷಧ ಎಂದು ಅವರಿಗೆ ಹೇಳುವವರಿಲ್ಲ.

ಹೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದು ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಂಡಿತು. ಅಲ್ಲಿಂದ ಕಬ್ಬು ಕಡಿಯಲು ಹೊರಡುವ ಕೂಲಿಯವರು ನಮ್ಮ ಗಡಿ ಜಿಲ್ಲೆಗಳ ಗದ್ದೆಗಳಿಗೂ ಬರುತ್ತಾರೆ. ಒಂದು ದಿನ ಕೆಲಸ ತಪ್ಪಿದರೆ ಗುತ್ತಿಗೆದಾರನ ದಂಡ, ಗದ್ದೆಯಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ. 2019ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಯ ಪ್ರಕಾರ ಇಂಥ ಸುಮಾರು 82 ಸಾವಿರ ಮಹಿಳೆಯರ ಪೈಕಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅವರಲ್ಲಿ ಬಹಳಷ್ಟು ಮಂದಿ ಇನ್ನೂ ಚಿಕ್ಕ ವಯಸ್ಸಿನವರು. ಅವರಿಗೆ ಮೊದಲು ಸಲ್ಲಬೇಕಾದದ್ದು ರಜೆ, ನೀರು, ಶೌಚಾಲಯ. ಮುಟ್ಟಿನ ಕಾಟವೇ ಕಾರಣವಾಗಿದ್ದವರಿಗೆ, ಕತ್ತರಿ ಹಾಕಿಸುವ ಮುನ್ನ ಒಂದು ಸ್ಟ್ರಿಪ್ ಮಾತ್ರೆಯ ಮಾತನ್ನಾದರೂ ಯಾರಾದರೂ ಎತ್ತಬೇಕಿತ್ತು.

ಮುಟ್ಟು ಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಮುಟ್ಟಾಗುವವಳೇ. ಅತ್ತೆಯಾಗಲಿ, ಪುರೋಹಿತರಾಗಲಿ, ಮೇಸ್ತ್ರಿಯಾಗಲಿ ಅಲ್ಲ. ಮಾಲಾ-ಎನ್, ಅಂತರಾ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನಾಚಿಕೊಳ್ಳದೆ ಕೇಳಿ, ನಿಮ್ಮ ಕಾಯಿಲೆಗಳನ್ನೆಲ್ಲ ಹೇಳಿ, ಬಿಪಿ ನೋಡಿಸದೆ ಮೊದಲ ಮಾತ್ರೆ ನುಂಗಬೇಡಿ.