ಬಿಳಿಗಿರಿಯ ಕಾಡು ಮತ್ತು ಸೋಲಿಗರು

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸೀಮೆಗಳಲ್ಲಿ ಸಂಚರಿಸುವವರ ಕಣ್ಣಿಗೆ ರಾಗಿಯ ಹೊಲ, ಕೆರೆಯ ಏರಿ, ಹುಣಿಸೆಯ ತೋಪು, ಕಲ್ಲುಗುಡ್ಡದ ಕುರುಚಲು, ಇವು ಬೀಳುತ್ತವೆ. ಬಿಸಿಲು ನೆಲವನ್ನು ಮುಟ್ಟದಂತಹ ನಿತ್ಯಹರಿದ್ವರ್ಣದ ಕಾಡು ಅಲ್ಲಿಲ್ಲ. ಅದಕ್ಕೆ ಬೇಕಾದಷ್ಟು ಮಳೆಯೂ ಅಲ್ಲಿ ಬೀಳುವುದಿಲ್ಲ. ಅಂತಹ ಕಾಡನ್ನು ನೋಡಬೇಕಾದರೆ ಆಗುಂಬೆಗೇ ಹೋಗಬೇಕೆಂದು ಹಲವರ ಎಣಿಕೆ. ಆದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಎತ್ತರದ ಕಣಿವೆಗಳಲ್ಲಿಯೂ ಅದು ಉಂಟು. ಆ ಕಾಡನ್ನೂ, ಅದರಲ್ಲಿ ಬಾಳಿಕೊಂಡು ಬಂದ ಸೋಲಿಗರನ್ನೂ ಒಟ್ಟಿಗೆ ನೋಡಿದಲ್ಲದೆ ಎರಡರಲ್ಲಿ ಒಂದೂ ತಿಳಿಯದು ಎಂಬುದೇ ಇಲ್ಲಿ ಹೇಳಬೇಕಾದ ಮಾತು.

ಯಳಂದೂರಿನ ಕಡೆಯಿಂದ ಬೆಟ್ಟವನ್ನು ಏರುವವರು ಕೆಲವೇ ಮೈಲಿಗಳಲ್ಲಿ ಹಲವು ಕಾಡುಗಳನ್ನು ದಾಟುತ್ತಾರೆ. ಅಡಿಯಲ್ಲಿ ಮುಳ್ಳುಪೊದೆ, ಬಳಿಕ ಬೇಸಗೆಯಲ್ಲಿ ಎಲೆಯುದುರಿಸುವ ದಿಂಡಿಗ, ಮತ್ತಿ, ಹೊನ್ನೆ, ನೆಲ್ಲಿ, ಮೇಲಕ್ಕೆ ಹೋದಂತೆ ಹುಲ್ಲಿನ ಬೋರೆಗಳು, ಅವುಗಳ ನಡುವಣ ತಂಪಾದ ಕಣಿವೆಗಳಲ್ಲಿ ಪಾಚಿ ಹಿಡಿದ ಮರಗಳ ನಿತ್ಯಹಸುರು. ಪಶ್ಚಿಮ ಮತ್ತು ಪೂರ್ವ ಘಟ್ಟಗಳ ನಡುವೆ ಸೇತುವೆಯಂತಿರುವ ಈ ಸಾಲಿನ ಅತ್ಯುನ್ನತ ಶಿಖರವು 1,800 ಮೀಟರುಗಳನ್ನು ಮೀರಿದೆ. ಆನೆ, ಕಾಟಿ, ಕಡವೆ, ಕರಡಿ, ಸೀಳುನಾಯಿ, ಚಿರತೆ, ಹುಲಿ ಇಲ್ಲಿನ ನಿವಾಸಿಗಳು.

ಭಾರ್ಗವಿ ಹೊಳೆಯ ದಡದಲ್ಲಿರುವ ದೊಡ್ಡಸಂಪಿಗೆಯು ನೋಡತಕ್ಕ ಮರ. ಪ್ರವಾಸಿಗೆ ಅದು ಬಹಳ ವಯಸ್ಸಾದ, ಬಹಳ ದಪ್ಪನಾದ ಒಂದು ವೃಕ್ಷ. ಸೋಲಿಗರಿಗೆ ಅದು ದೈವ. ಬೆಟ್ಟದ ರಂಗಸ್ವಾಮಿಯನ್ನು ಅವರು ನೆಂಟನೆಂದು ಎಣಿಸುತ್ತಾರೆ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಆತ ವರಿಸಿದನೆಂಬುದು ಕಥೆ. ಹುಲಿಯೂ ಅವರಿಗೆ ಹುಲಿವೀರಪ್ಪನೆಂಬ ದೇವರು. ಜೇನು ಕಿತ್ತಾಗ, ಮರ ಹತ್ತಲಾರದ ಹುಲಿಯ ಪಾಲೆಂದು ಸ್ವಲ್ಪವನ್ನು ನೆಲದ ಮೇಲೆ ಬಿಟ್ಟುಬರುವುದು ಅವರ ವಾಡಿಕೆ. ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರುಜೇನುಗಳ ನಡತೆಯನ್ನು ಅವರಷ್ಟು ಬಲ್ಲವರು ವಿರಳ.

ಇನ್ನು ಬೆಂಕಿಯ ವಿಚಾರ. ಬೇಸಗೆ ಬಲಿಯುವ ಮುನ್ನವೇ ಸೋಲಿಗರು ಉದುರಿದ ಎಲೆಗಳಿಗೆ ಸಣ್ಣ ಉರಿಯನ್ನು ಹಚ್ಚುತ್ತಿದ್ದರು. ಇದಕ್ಕೆ ತರಗು ಬೆಂಕಿಯೆಂದು ಹೆಸರು. ದೊಡ್ಡ ಮರಕ್ಕೆ ಇದರಿಂದ ಕೇಡಿಲ್ಲ. ಒಣತರಗು ರಾಶಿಬೀಳದೆ ಮುಂದೆ ಭಾರಿ ಕಾಳ್ಗಿಚ್ಚಿಗೆ ಆಸ್ಪದವೂ ಕಡಮೆ. ನೆಲ್ಲಿಯ ಸಾರವನ್ನು ಹೀರುವ ಬದನಿಕೆಯೂ, ಹೊರನಾಡಿನಿಂದ ಬಂದ ಲಂಟಾನದ ಸಸಿಗಳೂ ಅಡಗುತ್ತಿದ್ದವು ಎನ್ನುತ್ತಾರೆ ಹಿರಿಯರು. 1974ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವಾಯಿತು. ಕಾಡಿನೊಳಗಣ ಬೇಸಾಯವೂ ಈ ಬೆಂಕಿಯೂ ನಿಂತವು. ಅನೇಕ ಕುಟುಂಬಗಳು ತಮ್ಮ ಪೋಡುಗಳನ್ನು ಬಿಟ್ಟು ಅಂಚಿನಲ್ಲಿ ನೆಲೆಸಬೇಕಾಯಿತು. ಆಮೇಲಿನ ದಶಕಗಳಲ್ಲಿ ಲಂಟಾನವು ಕಾಡಿನ ತಳವನ್ನೆಲ್ಲ ಹಬ್ಬಿಕೊಂಡಿತು. ಹುಲ್ಲು ಕಡಮೆಯಾದಲ್ಲಿ ಕಡವೆಗೂ ಕಾಟಿಗೂ ಮೇವು ಕಡಮೆ. ಬೆಂಕಿಯೊಂದರ ಅಭಾವವೇ ಇದಕ್ಕೆಲ್ಲ ಕಾರಣವೆಂದು ವಿಜ್ಞಾನಿಗಳೆಲ್ಲರೂ ಒಪ್ಪಿಲ್ಲ. ಆದರೆ ಸೋಲಿಗರ ಮಾತನ್ನು ಪರೀಕ್ಷಿಸದೆ ತಳ್ಳಿಹಾಕಬಾರದೆಂಬುದನ್ನು ಹಲವರು ಒಪ್ಪಿದ್ದಾರೆ.

2006ರಲ್ಲಿ ಜೇನು, ನೆಲ್ಲಿ, ಪಾಚಿ ಮೊದಲಾದವನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿದ್ದಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಗೆ ಸಂಸತ್ತಿನ ಅಂಗೀಕಾರವೂ ದೊರೆಯಿತು. 2011ರ ಜನವರಿಯಲ್ಲಿ ಬೆಟ್ಟವು ಹುಲಿ ರಕ್ಷಿತಾರಣ್ಯವಾಯಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಹುಲಿಗೆ ಮೀಸಲಾದ ಕಾಡಿನಲ್ಲಿ ಬುಡಕಟ್ಟಿನವರಿಗೆ ಇಂತಹ ಹಕ್ಕು ಸಿಕ್ಕಿದ ಮೊದಲ ಸಂದರ್ಭವೆಂದು ಇದು ದೇಶದಲ್ಲೆಲ್ಲ ಗಮನ ಸೆಳೆಯಿತು. ಜನರಿದ್ದರೆ ಹುಲಿ ಉಳಿಯದೆಂದು ಶಂಕಿಸಿದವರು ಉಂಟು. 2010ರಲ್ಲಿ ಸುಮಾರು 35 ಎಂದು ಎಣಿಸಲಾಗಿದ್ದ ಹುಲಿಗಳು 2014ರಲ್ಲಿ 68ರಷ್ಟಿದ್ದವು.

ಬೆಟ್ಟಕ್ಕೆ ಹೋಗುವವರು ಅರಣ್ಯ ಇಲಾಖೆಯ ವಾಹನದಲ್ಲಿ ಒಂದು ಸುತ್ತು ಬಂದು, ಹುಲಿ ಕಾಣಲಿಲ್ಲವೆಂದು ಬೇಸರದಿಂದ ಹಿಂದಿರುಗುವುದು ಸಾಮಾನ್ಯ. ಅದಕ್ಕೆ ಬದಲಾಗಿ, ಸೋಲಿಗರೊಬ್ಬರ ಮಾರ್ಗದರ್ಶನ ದೊರೆತರೆ ದಾರಿಯ ಪಕ್ಕದ ಪೊದೆಯನ್ನು ತೋರಿಸಿ, ಇದು ಇಲ್ಲಿಗೆ ಬಂದುದು ಯಾವಾಗ, ಇದರ ಮೊದಲು ಇಲ್ಲಿ ಏನು ಬೆಳೆಯುತ್ತಿತ್ತು ಎಂದು ವಿಚಾರಿಸಿರಿ. ಅಂತಹ ಪ್ರಶ್ನೆಗೆ ಉತ್ತರ ಕೊಡಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ.