ನಿಮಗಿದು ಗೊತ್ತೆ? ಲಾಡ್ಜ್ ಎಂದರೆ ಗುಡಿಸಲು!

ಬಸ್ ನಿಲ್ದಾಣದ ಎದುರು ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಫಲಕ ಕಂಡರೆ ಊಟವೂ ಉಂಟು, ರೂಮೂ ಉಂಟು ಎಂದರ್ಥ. ಈ ‘ಲಾಡ್ಜ್’ ಬಂದದ್ದು ಹಳೆಯ ಫ್ರೆಂಚಿನ ‘ಲೋಜ್’ನಿಂದ, ಅಲ್ಲಿ ಅದು ಗುಡಿಸಲು, ಚಪ್ಪರ. ಇಂಗ್ಲೆಂಡಿನಲ್ಲಿ ದೊಡ್ಡ ಎಸ್ಟೇಟಿನ ಗೇಟು ಕಾಯುವವನ ಪುಟ್ಟ ಮನೆಯೂ ಲಾಡ್ಜ್, ಬೇಟೆಗೆ ಹೋದವರು ತಂಗುವ ಬಂಗಲೆಯೂ ಲಾಡ್ಜ್. ಕೇಂಬ್ರಿಜ್‌ನ ಹಲವು ಕಾಲೇಜುಗಳಲ್ಲಿ ಬಾಗಿಲು ಕಾಯುವವರ ಕೊಠಡಿಗೂ ಮುಖ್ಯಸ್ಥರ ನಿವಾಸಕ್ಕೂ ಇದೇ ಹೆಸರು! ಶಿಮ್ಲಾದಲ್ಲಿ 1888ರಲ್ಲಿ ಸಿದ್ಧವಾದ ವೈಸ್‌ರಾಯರ ಭವ್ಯ ಸೌಧವಂತೂ ‘ವೈಸ್‌ರೀಗಲ್ ಲಾಡ್ಜ್’. ಎಲ್ಲಕ್ಕಿಂತ ಸೊಗಸಾದದ್ದು ಬೀವರ್ ಎಂಬ ಪ್ರಾಣಿಯ ಲಾಡ್ಜ್: ಕೊಂಬೆ, ಕೆಸರು ಸೇರಿಸಿ ಕೆರೆಯಲ್ಲಿ ಕಟ್ಟಿದ ಗೂಡು; ಶತ್ರು ನುಗ್ಗದಂತೆ ಬಾಗಿಲು ನೀರಿನಡಿ, ಮಲಗುವ ಜಾಗ ಮಾತ್ರ ನೀರಿಗಿಂತ ಮೇಲೆ. ಹೋಟೆಲಿನ ‘ಲಾಬಿ’ಯೂ ಇದೇ ಮೂಲದ ಪದ.